ಜೈಸಲ್ಮೇರಿನ ಕಲ್ಲುಗಳಲ್ಲಿ ಕಂಡ ಕಡಲು

ಕರ್ನಾಟಕದಲ್ಲಿ ಭೂವಿಜ್ಞಾನ ಓದುವವರಿಗೆ ಮೊದಲು ಪರಿಚಯವಾಗುವುದು ಭೂಗರ್ಭದಲ್ಲಿ ಬೆಂದು, ಮಡಿಕೆಗೊಂಡು, ತಮ್ಮ ಮೂಲರೂಪವನ್ನೇ ಕಳೆದುಕೊಂಡ ಶಿಲೆಗಳು. ಲಾಲ್‌ಬಾಗಿನ ನೈಸ್ (ಹೀಗೆ ಬೆಂದು ರೂಪಾಂತರಗೊಂಡ ಪಟ್ಟೆಪಟ್ಟೆಯ ಶಿಲೆ) ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬಾದಾಮಿಯ ಮರಳುಗಲ್ಲಿನಲ್ಲಿ, ಶಹಾಬಾದಿನ ಸುಣ್ಣಕಲ್ಲಿನಲ್ಲಿ ಪದರಗಳು ಅಚ್ಚುಕಟ್ಟಾಗಿ ಉಳಿದಿವೆಯಾದರೂ ಅವು ಚಿಪ್ಪುಳ್ಳ ಜೀವಿಗಳು ಹುಟ್ಟುವುದಕ್ಕಿಂತ ಹಿಂದಿನವು. ಹೀಗಾಗಿ ಕಲ್ಲಿನೊಳಗಿನ ಚಿಪ್ಪನ್ನು ಅದು ಹೂತುಹೋದ ಸ್ಥಳದಲ್ಲಿಯೇ ನಾನು ಮೊದಲ ಬಾರಿಗೆ ಮುಟ್ಟಿ ನೋಡಿದ್ದು, ಎಂ.ಎಸ್ಸಿ. ಓದುವಾಗ ಚಳಿಗಾಲದ ಕ್ಷೇತ್ರ ಶಿಬಿರಕ್ಕೆಂದು ಥಾರ್ ಮರುಭೂಮಿಯ ಜೈಸಲ್ಮೇರಿಗೆ ಹೋದಾಗ.

ಮರುಭೂಮಿ ಎಂದರೆ ಮರಳ ದಿಬ್ಬಗಳೇ ಎಂದು ಹಲವರು ತಿಳಿದಿರುತ್ತಾರೆ. ಪ್ರವಾಸಿಗರು ಒಂಟೆ ಏರುವ ಸಮ್ ದಿಬ್ಬಗಳು ಪಟ್ಟಣದಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕಿವೆ. ಪಟ್ಟಣದ ಸುತ್ತಮುತ್ತ ಇರುವುದು ಬಹುಪಾಲು ಬರಿಯ ಕಲ್ಲಿನ ನೆಲ. ಮಲೆನಾಡಿನಲ್ಲಿ ಶಿಲೆಯನ್ನು ಹುಡುಕಿಕೊಂಡು ಹಳ್ಳದ ಪಾತ್ರಕ್ಕೋ ರಸ್ತೆಗಾಗಿ ಕಡಿದ ಗುಡ್ಡದ ಅಂಚಿಗೋ ಹೋಗಬೇಕಾದರೆ, ಇಲ್ಲಿ ಒಂದೇ ಪದರದ ಮೇಲೆ ಕಣ್ಣಿಟ್ಟು ದೂರದವರೆಗೆ ನಡೆಯುತ್ತಾ ಹೋಗಬಹುದು. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ದಾಟುವುದರಿಂದ ಅದು ಸಾಧ್ಯವಾಗುವುದು ಚಳಿಗಾಲದಲ್ಲಿ ಮಾತ್ರ. ಆ ಕಾಲದ ಬೆಳಗಿನ ಬಿಸಿಲಿನಿಂದ ಇನ್ನೊಂದು ಉಪಕಾರವೂ ಉಂಟು: ಅದು ಓರೆಯಾಗಿ ಬೀಳುವುದರಿಂದ, ಮಧ್ಯಾಹ್ನ ಸಪಾಟಾಗಿ ಕಾಣುವ ಬಂಡೆಯ ಮೇಲೆ ಪ್ರಾಚೀನ ಅಲೆಗಳು ಮೂಡಿಸಿದ ಗೆರೆಗಳ ಏರುತಗ್ಗುಗಳು ನೆರಳಿನ ಸಾಲುಗಳಾಗಿ ಎದ್ದು ಕಾಣುತ್ತವೆ.

ಈ ಪ್ರದೇಶದ ಪದರಗಳು ವಾಯವ್ಯದ ಕಡೆಗೆ ಬಹಳ ಮೆಲ್ಲಗೆ ಇಳಿಜಾರಾಗಿವೆ. ಆದ್ದರಿಂದ ಆಗ್ನೇಯದಿಂದ ವಾಯವ್ಯಕ್ಕೆ ಸಾಗಿದಷ್ಟೂ ಹೊಸ ಕಾಲದ ಶಿಲೆಗಳು ಸಿಗುತ್ತವೆ. ನಾವು ಮೊದಲು ಕಂಡದ್ದು ಆಕಲ್ ಪಳೆಯುಳಿಕೆ ಉದ್ಯಾನವನ್ನು. ಅಲ್ಲಿ ಲಾಠಿ ಎಂಬ ಶಿಲಾವರ್ಗದ (ಒಂದೇ ಕಾಲಘಟ್ಟದಲ್ಲಿ ಉಂಟಾದ ಪದರಗಳ ಗುಂಪಿನ) ಮರಳುಗಲ್ಲಿನ ನಡುವೆ ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಮಲಗಿವೆ. ಹೂತುಹೋದ ಮರದೊಳಗೆ ಅಂತರ್ಜಲ ತಂದ ಸಿಲಿಕಾ ತುಂಬಿಕೊಂಡಿದೆ. ಅಂದರೆ ಅಂದು ಇಲ್ಲಿ ನದಿಗಳೂ ಕಾಡೂ ಇದ್ದವು. ಇದೇ ಲಾಠಿ ಮರಳುಗಲ್ಲು ಇಂದು ಈ ಸೀಮೆಯ ಮುಖ್ಯ ಅಂತರ್ಜಲ ಭಂಡಾರ ಎಂದು ಅಧ್ಯಾಪಕಿ ತಿಳಿಸಿದಾಗ, ದಾರಿಯುದ್ದಕ್ಕೂ ಕಂಡಿದ್ದ ಕೊಳವೆಬಾವಿಗಳನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು.

ಶಿಬಿರದ ಅತ್ಯಂತ ಸಮೃದ್ಧ ದಿನ ಕುಲಧರಾದ್ದು. ಪಾಲಿವಾಲ ಬ್ರಾಹ್ಮಣರು ತೊರೆದುಹೋದ ಆ ಊರಿಗೆ ಬರುವ ಜನರಿಗೆ ದೆವ್ವದ ಕಥೆಗಳಲ್ಲಿಯೇ ಹೆಚ್ಚು ಆಸಕ್ತಿ. ನಮ್ಮ ಕೆಲಸವಿದ್ದದ್ದು ಹತ್ತಿರದ ಹಳ್ಳದ ದಂಡೆಯಲ್ಲಿ. "ಸುತ್ತಿಗೆ ಎತ್ತುವ ಮೊದಲು ನೋಟ್‌ಬುಕ್ ತೆಗೆಯಿರಿ" ಎಂಬುದು ಮೇಡಂ ಅವರ ಕಟ್ಟುನಿಟ್ಟಿನ ಮಾತು. ಬುಡದಿಂದ ಮೇಲಕ್ಕೆ ಪದರಪದರವಾಗಿ ಟೇಪು ಹಿಡಿದು ದಪ್ಪ ಅಳೆದು, ಕಣಗಳ ಗಾತ್ರ, ಬಣ್ಣ ಮತ್ತು ಪಳೆಯುಳಿಕೆಗಳನ್ನು ಬರೆದುಕೊಂಡು, ಸಂದೇಹ ಬಂದಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟು ನೋಡುತ್ತಿದ್ದೆವು. ಸುಣ್ಣಕಲ್ಲಾದರೆ ತಕ್ಷಣ ಬುರುಬುರು ನೊರೆಯೇಳುತ್ತಿತ್ತು. ಒಂದು ಕಂದು-ಹಳದಿ ಪದರವನ್ನು ಲೆನ್ಸಿನಡಿ ಹಿಡಿದಾಗ ಅದರ ತುಂಬೆಲ್ಲ ರಾಗಿ ಕಾಳಿನಂತಹ ಗುಂಡನೆಯ ಕಣಗಳು, ಅವುಗಳ ಮೇಲೆ ಕಬ್ಬಿಣದ ಅಂಶದ ಹೊಂಬಣ್ಣದ ಹೊಳಪು. ಇದೇ ಇಲ್ಲಿನ ಪ್ರಸಿದ್ಧ ಊಲೈಟ್. ಆಳವಿಲ್ಲದ ಕಡಲಿನಲ್ಲಿ, ಅಲೆಗಳ ಹೊಯ್ದಾಟಕ್ಕೆ ಸಣ್ಣ ಚೂರುಗಳು ಉರುಳಾಡುತ್ತಾ ಸುತ್ತಲೂ ತೆಳುವಾದ ಪದರಗಳನ್ನು ಕಟ್ಟಿಕೊಂಡಾಗ ಇಂತಹ ಕಣಗಳಾಗುತ್ತವೆ. ಅದೇ ದಂಡೆಯಲ್ಲಿ ಎಂದೋ ಅಳಿದುಹೋದ ಕಡಲಜೀವಿಯಾದ ಅಮೋನೈಟ್‌ನ ಸುರುಳಿಯಾಕಾರದ ಚಿಪ್ಪೊಂದರ ಅರ್ಧಭಾಗ ಹೊರಚಾಚಿಕೊಂಡಿತ್ತು. ಅದನ್ನು ಕಿತ್ತು ತರುವ ಆಸೆ ನಮ್ಮಲ್ಲಿ ಹಲವರಿಗಿತ್ತು. ಆದರೆ ಯಾವ ಪದರದ್ದೆಂಬ ದಾಖಲೆಯಿಲ್ಲದೆ ಮನೆಯ ಕಪಾಟು ಸೇರಿದ ಪಳೆಯುಳಿಕೆ ವಿಜ್ಞಾನಕ್ಕೆ ಬಹುಮಟ್ಟಿಗೆ ನಷ್ಟವೇ ಸರಿ. ನಾವು ಅದರ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಫೋಟೋ ತೆಗೆದು, ಅಲ್ಲಿಯೇ ಬಿಟ್ಟೆವು.

ಸಂಜೆ ಕೋಟೆಗೆ ಹೋದೆವು. 1156ರಲ್ಲಿ ಸ್ಥಾಪನೆಯಾದ ಈ ಕೋಟೆ, ಕುಲಧರಾದಲ್ಲಿ ನಾವು ಅಳೆದ ಪದರಗಳೂ ಸೇರಿರುವ ಜೈಸಲ್ಮೇರ್ ಶಿಲಾವರ್ಗದ ಮೇಲೆಯೇ ನಿಂತಿದೆ. ಅದರ ಹಳದಿ ಕಲ್ಲೂ ಅದೇ ಕಡಲಿನ ಕೊಡುಗೆ. ಗಟ್ಟಿ ಪದರಗಳ ನಡುವೆ ಜೇಡಿಯಂಶ ಹೆಚ್ಚಿರುವ ಮೆದುವಾದ ಪದರಗಳೂ ಗುಡ್ಡದಲ್ಲಿವೆ. ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ಇದರಿಂದ ಅಷ್ಟಾಗಿ ತೊಂದರೆಯಾಗಿರಲಿಲ್ಲ. ಕೊಳಾಯಿ ಬಂದ ಮೇಲೆ ಮನೆಗಳಿಂದ, ಚರಂಡಿಗಳಿಂದ ಸೋರಿದ ನೀರು ಆ ಪದರಗಳಿಗೆ ಇಳಿದು ಅವುಗಳನ್ನು ಇನ್ನಷ್ಟು ಮೆತ್ತಗಾಗಿಸಿದೆ; ಕೆಲವು ಬುರುಜುಗಳು ಕುಸಿದದ್ದೂ ಉಂಟು. 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಇಂದಿಗೂ ಜನ ಸಂಸಾರ ನಡೆಸುತ್ತಿರುವ ಕೋಟೆಯಿದು. ಅಲ್ಲಿಯವರೆಗೆ ಪದರಗಳ ದಪ್ಪ ಅಳೆಯುವುದು ಪರೀಕ್ಷೆಗೆ ಬೇಕಾದ ಅಭ್ಯಾಸವೆಂದಷ್ಟೇ ಭಾವಿಸಿದ್ದೆ. ಎಲ್ಲಿ ಮೆದು ಪದರವಿದೆ, ನೀರು ಯಾವ ಕಡೆಗೆ ಇಳಿಯುತ್ತದೆ ಎಂಬುದು ಗೊತ್ತಿಲ್ಲದೆ ಆ ಗೋಡೆಗಳನ್ನು ಉಳಿಸಲಾಗದು ಎಂಬುದು ಅಂದು ಬುರುಜಿನ ಬುಡದಲ್ಲಿ ನಿಂತಾಗ ನನಗೆ ಮನದಟ್ಟಾಯಿತು.