ಮಿಡಿ ಸೌತೆ

ಇವತ್ತು ತುಮಕೂರು ಕಡೆ ಹೋಗುವಾಗ ರಸ್ತೆ ಪಕ್ಕ ಮಿಡಿ ಸೌತೆ (ಇಂಗ್ಲಿಷಿನಲ್ಲಿ ಗರ್ಕಿನ್ ಅಂತಾರೆ) ತೂಕ ನಡೆಯುತ್ತಿತ್ತು. ಸುಮ್ನೆ ನಿಂತು ನೋಡಿದೆ.

ಕಿರುಬೆರಳಿನಷ್ಟು ಸಣ್ಣ ಕಾಯಿಗೆ ಜಾಸ್ತಿ ರೇಟು, ದಪ್ಪ ಆದಷ್ಟೂ ಕಮ್ಮಿ. ಒಂದು ದಿನ ಕೊಯ್ಯದೆ ಬಿಟ್ಟರೂ ಊದಿಕೊಳ್ಳುತ್ತೆ, ಹಾಗಾಗಿ ಹಬ್ಬ ಇರಲಿ ಮದುವೆ ಇರಲಿ ಹೊಲಕ್ಕೆ ಇಳಿಯಲೇಬೇಕು.

"ಪಲ್ಯ ಮಾಡ್ತೀರಾ ಅಕ್ಕಾ?" ಅಂದೆ.

"ಅಯ್ಯೋ, ಇದನ್ನ ನಾವ್ಯಾರೂ ತಿನ್ನಲ್ಲ ಬಿಡಿ!"

ನಿಜ, ಇದು ನಮ್ಮ ಊಟದ ಬೆಳೆಯೇ ಅಲ್ಲ. 1990ರ ದಶಕದಲ್ಲಿ ಕರ್ನಾಟಕದಲ್ಲೇ ಸಣ್ಣದಾಗಿ ಶುರುವಾಗಿದ್ದು, ಆಮೇಲೆ ಆಂಧ್ರ, ತಮಿಳುನಾಡಿಗೂ ಹಬ್ಬಿತು. ರಫ್ತು ಮಾಡೋ ಕಂಪನಿಯೇ ರೈತರಿಗೆ ಬೀಜ, ಗೊಬ್ಬರ ಮುಂಗಡವಾಗಿ ಕೊಟ್ಟು, ರೇಟು ಮೊದಲೇ ಮಾತಾಡಿ, ಕಾಯನ್ನು ಉಪ್ಪುನೀರಿಗೋ ವಿನೆಗರ್‌ಗೋ ಹಾಕಿ ಡ್ರಮ್ಮುಗಟ್ಟಲೆ ಯುರೋಪು, ಅಮೆರಿಕಕ್ಕೆ ಕಳಿಸುತ್ತೆ. ಅದರ ಹಿಂದೆಯೇ ಫ್ಯಾಕ್ಟರಿ, ಗ್ರೇಡಿಂಗ್ ಕೆಲಸ, ಟೆಂಪೋ ಬಾಡಿಗೆ ಎಲ್ಲಾ ಬಂತು. ಮೂರು ತಿಂಗಳ ಬೆಳೆ, ಅರ್ಧ ಎಕರೆ ಇದ್ದವರಿಗೂ ಕೈಯಲ್ಲಿ ಕಾಸು ಓಡಾಡುತ್ತೆ, ಅದನ್ನ ಇಲ್ಲ ಅನ್ನೋಕಾಗಲ್ಲ.

ಆದರೆ ಟೊಮೆಟೊ ರೇಟು ಬಿದ್ದರೆ ಸಂತೆಗಾದರೂ ಹೊತ್ತು ಹೋಗಬಹುದು. ಕಂಪನಿ ಬೇಡ ಅಂದ ಮಿಡಿ ಸೌತೆಯನ್ನ ಯಾವ ಸಂತೆ ಕೊಳ್ಳುತ್ತೆ ಹೇಳಿ? ದನಕ್ಕೆ ಹಾಕಬೇಕು ಅಷ್ಟೇ. ಬಂಡವಾಳ ಹೊರಗಿಂದ ಬಂದರೆ ತಪ್ಪಿಲ್ಲ, ಕೊಳ್ಳೋರೂ ಪೂರ್ತಿ ಹೊರಗಡೆಯೇ ಇದ್ದರೆ ನನಗಂತೂ ಸ್ವಲ್ಪ ಭಯ.