ಮುಹೂರ್ತದ 15 ನಿಮಿಷ

ದಾವಣಗೆರೆಯ ಒಂದು ಕಲ್ಯಾಣ ಮಂಟಪದ ಕರೆಂಟ್ ಉಸ್ತುವಾರಿ ನನ್ನದು. ಏಪ್ರಿಲ್ ಬಿಲ್ ಬಂದ ದಿನ ಯಜಮಾನ್ರು ಮಾತಾಡಲಿಲ್ಲ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಕರೆಂಟ್ ಕಂಪನಿಯಲ್ಲಿ ನಾವು ಬರೆಸಿಕೊಂಡ ಡಿಮ್ಯಾಂಡ್, ಅಂದರೆ ಎಳೆಯಬಹುದಾದ ಗರಿಷ್ಠ ಲೋಡ್, 200 ಕೆವಿಎ (ಲೋಡಿನ ಅಳತೆ), ಮೀಟರ್ ತೋರಿಸಿದ್ದು 218. ಮೇಲಿನ 18ಕ್ಕೆ ದುಪ್ಪಟ್ಟು ದರ. ಇಡೀ ತಿಂಗಳಲ್ಲಿ ಒಂದೇ ಒಂದು 15 ನಿಮಿಷದ ಸರಾಸರಿ ಮೀರಿದರೂ ದಂಡ ಬೀಳುತ್ತದೆ. ಗ್ರೈಂಡರ್ ಸ್ಟಾರ್ಟಾಗುವ ಜರ್ಕೇ ಕಾರಣ ಎಂದರು ಎಲ್ಲರೂ. ಆ ಜರ್ಕ್ ಕ್ಷಣದ್ದು, ಸರಾಸರಿಯಲ್ಲಿ ಕರಗಿಹೋಗುತ್ತದೆ. ಬಿಲ್ ಏರಿಸುವುದು ಒಟ್ಟಿಗೆ ಓಡುವ ಏಸಿ, ಗೀಸರ್, ಬೋರ್ ಮೋಟಾರು.

ಲೋಡ್ ಮಿತಿ ಮುಟ್ಟಿದರೆ ತಾನೇ ಕೆಲವನ್ನು ಬಂದ್ ಮಾಡುವ ಡಿಮ್ಯಾಂಡ್ ಕಂಟ್ರೋಲರ್ ಹಾಕಿಸಿ 190ಕ್ಕೆ ಸೆಟ್ ಮಾಡಿದೆ. ಮೊದಲ ಮದುವೆಯಲ್ಲೇ ಮರ್ಯಾದೆ ಹೋಯಿತು. ಲೋಡ್ ಏರಿದ್ದೇ ಮೂರು ಏಸಿ ಒಟ್ಟಿಗೆ ಬಂದ್. ಇಳಿದದ್ದೇ ಮೂರೂ ಒಟ್ಟಿಗೆ ಚಾಲೂ. ಪ್ಯಾನಲ್ ರೂಮಿನಲ್ಲಿ ಕಾಂಟ್ಯಾಕ್ಟರ್‌ಗಳು, ಅಂದರೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್‌ಗಳು, ಟಕ್ ಟಕ್ ಅನ್ನುತ್ತಲೇ ಇದ್ದವು. ಮೇಲೆ ಹುಡುಗಿಯ ತಂದೆ ಶಲ್ಯದ ತುದಿಯಿಂದ ಕತ್ತು ಒರೆಸಿಕೊಳ್ಳುತ್ತಾ, "ಏನ್ರೀ ಇದು, ಮುಹೂರ್ತದ ಹೊತ್ತಿಗೆ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟಾಗಿಯೂ ಮೀಟರ್ 205 ಮುಟ್ಟಿತ್ತು.

ಆ ರಾತ್ರಿ ಮೀಟರ್ ಮತ್ತು ಕಂಟ್ರೋಲರ್ ಎರಡರ ಗಡಿಯಾರವನ್ನೂ ಹೋಲಿಸಿ ನೋಡಿದೆ. ಮೀಟರ್‌ನ 15 ನಿಮಿಷ ಮುಗಿಯುವುದಕ್ಕೂ ಕಂಟ್ರೋಲರ್‌ನ 15 ನಿಮಿಷ ಮುಗಿಯುವುದಕ್ಕೂ ಆರು ನಿಮಿಷ ಅಂತರ! ಹೊಸ ಲೆಕ್ಕ ಶುರುವಾಯಿತೆಂದು ಕಂಟ್ರೋಲರ್ ಏಸಿ ಬಿಡುತ್ತಿತ್ತು, ಮೀಟರ್ ಇನ್ನೂ ಹಳೆಯ ಲೆಕ್ಕದಲ್ಲೇ ಇತ್ತು. ಮೊದಲು ಅವೆರಡೂ ಒಂದೇ ಹೊತ್ತಿಗೆ ಮುಗಿಯುವಂತೆ ಹೊಂದಿಸಿದೆ. 200 ಕೆವಿಎ ಅಂದರೆ 15 ನಿಮಿಷಕ್ಕೆ 50 ಕೆವಿಎ-ಗಂಟೆ. ಮೊದಲ ಐದು ನಿಮಿಷದಲ್ಲೇ 20 ಖರ್ಚಾದರೆ ಉಳಿದ ಹತ್ತು ನಿಮಿಷಕ್ಕೆ ಸಿಗುವುದು 30, ಅಂದರೆ 180 ಕೆವಿಎಯಲ್ಲೇ ಓಡಬೇಕು. ಹಾಗೆ ಮುಂದಾಗಿ ಎಣಿಸುವ ಸೆಟ್ಟಿಂಗ್ ಕಂಟ್ರೋಲರ್‌ನಲ್ಲೇ ಇತ್ತು, ನಾನು ಆನ್ ಮಾಡಿರಲಿಲ್ಲ.

ಬಂದ್ ಮಾಡುವ ಸರದಿಯನ್ನೂ ಬದಲಿಸಿದೆ. ಮೊದಲು ಬೋರ್ ಮೋಟಾರು, ಟ್ಯಾಂಕಿನಲ್ಲಿ ನೀರಿರುತ್ತದಲ್ಲ. ಆಮೇಲೆ ಗೀಸರ್, ಬಿಸಿ ಬೇಗ ಆರುವುದಿಲ್ಲ. ಕೊನೆಗೆ ಏಸಿ, ಅದೂ ಒಂದೊಂದೇ. ನಿಂತ ಕಂಪ್ರೆಸರ್‌ಗೆ ಐದು ನಿಮಿಷ ವಿರಾಮ, ಗ್ಯಾಸಿನ ಒತ್ತಡ ಇಳಿಯದೆ ಚಾಲೂ ಮಾಡಿದರೆ ಕೆಡುತ್ತದೆ. ಕರೆಂಟ್ ವಾಪಸ್ ಕೊಡುವಾಗ ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡು ನಿಮಿಷ. ಲಿಫ್ಟ್ ಮತ್ತು ಬೆಂಕಿ ಆರಿಸುವ ಪಂಪು ಪಟ್ಟಿಗೇ ಸೇರಲಿಲ್ಲ.

ಮುಂದಿನ ಮದುವೆಯಲ್ಲಿ ಮುಹೂರ್ತ ಮುಗಿಯುವ ತನಕ ಮೀಟರ್ ಮುಂದೆಯೇ ನಿಂತಿದ್ದೆ. ಮೇಲಿಂದ ವಾಲಗ ಜೋರಾಯಿತು, ಅಕ್ಷತೆ ಬಿತ್ತು. ಆ 15 ನಿಮಿಷದ ಸರಾಸರಿ 194. ಬೋರ್ ಮೋಟಾರು ಎರಡನೇ ಪಂಕ್ತಿ ಊಟಕ್ಕೆ ಕೂತ ಮೇಲೆ ತಾನಾಗೇ ಚಾಲೂ ಆಯಿತು.