ಅಜ್ಜಿಯ ಮೈಲಾರಪ್ಪ

ಆಯುಧಪೂಜೆಯ ಹಿಂದಿನ ದಿನ ಚಿತ್ರದುರ್ಗದ ಅಜ್ಜಿ ಮನೆಯಲ್ಲಿ ದೇವರ ಸಾಮಾನು ತೊಳೆಯುವ ಕೆಲಸ ನನ್ನ ತಲೆಗೇ ಬೀಳುತ್ತದೆ. ಗಂಟೆ, ದೀಪ, ಚೊಂಬು ಎಲ್ಲ ಆದ ಮೇಲೆ ಒಂದು ಬೆಳ್ಳಿ ಬಿಲ್ಲೆ. ಒಂದು ಕಡೆ ರಾಜನ ಮುಖ. ಇನ್ನೊಂದು ಕಡೆ ಕತ್ತಿ ಹಿಡಿದ ಕುದುರೆ ಸವಾರ, ಮೈಮೇಲೆ ಬಟ್ಟೆಯಿಲ್ಲ. ಕುದುರೆಯ ಕಾಲಡಿ ಗುರಾಣಿ, ತಲೆಬುರುಡೆ. ಅಜ್ಜಿಗೆ ಇದು ಮೈಲಾರಲಿಂಗ. ಕೆಳಗಿರುವುದು ಮಲ್ಲಾಸುರ.

ಈ ಸಲ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಅಂಚು ನೋಡಿದೆ. ಸಣ್ಣ ಇಂಗ್ಲಿಷ್ ಅಕ್ಷರ. ‘ಮೈಸೂರು’, ‘ಲ್ಯಾನ್ಸರ್ಸ್’ ಅನ್ನೋದು ಕಂಡಿತು. ನಂಬರ್ ಸವೆದುಹೋಗಿದೆ. ಸವೆಸಿದವರು ಬೇರೆ ಯಾರೂ ಅಲ್ಲ, ಇಷ್ಟು ವರ್ಷ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿದ ನಾವೇ.

ಅಜ್ಜಿಯ ಮಾವ, ಅಂದರೆ ನನ್ನ ಮುತ್ತಜ್ಜ, ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿದ್ದರು. 1914ರಲ್ಲಿ ಮೊದಲ ಮಹಾಯುದ್ಧಕ್ಕೆ ಆ ಪಡೆ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾಯ್ದರು. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದ ಸವಾರರ ಜೊತೆ, ಈಗ ಇಸ್ರೇಲಿನಲ್ಲಿರುವ ಹೈಫಾ ಊರು ಹಿಡಿದರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ! ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳತ್ತ ಹೋದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಪ್ರತಿಮೆಯಾಗಿ ನಿಂತ ಮೂವರಲ್ಲಿ ಒಬ್ಬ ಮೈಸೂರಿನ ಸವಾರ. ಈ ಬೆಳ್ಳಿ ಬಿಲ್ಲೆ ಆ ಯುದ್ಧಕ್ಕೆ ಕೊಟ್ಟ ಪದಕ. ಅದೇ ಯುದ್ಧದಲ್ಲಿ ಹೊರೆ ಹೊತ್ತ ಕೂಲಿ ಪಡೆಯವರಿಗೆ ಇದೇ ಪದಕ ಕಂಚಿನಲ್ಲಿ ಕೊಟ್ಟರು. ಜಿಪುಣತನ ಅಲ್ವಾ?

ಅಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಎತ್ತಿನ ಕಥೆ.

“ನಮ್ ಮಾವಾರು ದಿನಾ ಸಂಜೆ ಎತ್ತಿನ ಒಂದೊಂದೇ ಕಾಲು ಎತ್ತಿ ಗೊರಸು ನೋಡೋರು ಕಣವ್ವ. ಕಲ್ಲು ಸಿಕ್ಕೈತೇನೋ ಅಂತ ಬೆರಳು ಹಾಕಿ ಕೆರೆಯೋರು. ಇದೇನು ಕುದುರೆನಾ ಅಂತ ಊರೋರೆಲ್ಲ ನಗೋರು.” ಬೇಯಿಸಿದ ಹುರುಳಿಯನ್ನು ಅಂಗೈಯಲ್ಲಿ ಹಿಸುಕಿ ನೋಡಿ ಎತ್ತಿಗೆ ಇಟ್ಟ ಮೇಲೇ ತಾವು ಉಣ್ಣಲು ಕೂರುತ್ತಿದ್ದರಂತೆ. ಯುದ್ಧದ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದರು. ಒಮ್ಮೆ ಮಾತ್ರ, “ನಾನು ಬಂದೆ, ಅದು ಬರಲಿಲ್ಲ” ಅಂದಿದ್ದರಂತೆ. ‘ಅದು’ ಅಂದರೆ ಕುದುರೆ.

ಪದಕ ಒಟ್ಟು ಮೂರಿದ್ದವು. ನಕ್ಷತ್ರದಂಥದ್ದನ್ನು ಒಂದು ಕಾರಹುಣ್ಣಿಮೆಗೆ ಅವರೇ ಎತ್ತಿನ ಹಣೆಗೆ ಕಟ್ಟಿದರು. ಕರಿ ಹರಿಯುವ ಗದ್ದಲದಲ್ಲಿ ಅದು ಎಲ್ಲೋ ಬಿತ್ತು. ಅವರು ಹುಡುಕಲೂ ಇಲ್ಲ. ರೆಕ್ಕೆಯ ಹೆಂಗಸಿನ ಚಿತ್ರವಿದ್ದದ್ದು ಹಳೇ ಹಿತ್ತಾಳೆ ಜೊತೆ ಪಾತ್ರೆಯವನ ಪಾಲಾಯಿತು. ಬೆಳ್ಳಿಯದ್ದೂ ಯಾರದೋ ಮದುವೆಗೆ ಕಾಲುಂಗುರ ಆಗಬೇಕಿತ್ತು. ದೇವರನ್ನು ಕರಗಿಸುವುದು ಹೇಗೆ ಅಂತ ಅಜ್ಜಿ ಬಿಡಲಿಲ್ಲ.

ಬಿಲ್ಲೆಯ ಆ ಸವಾರ ಇಂಗ್ಲಿಷರ ಸಂತ, ಸೇಂಟ್ ಜಾರ್ಜ್ ಅಂತ ಹೇಳೋಣ ಅಂದುಕೊಂಡೆ. ಬಾಯಿ ಬರಲಿಲ್ಲ.

“ಫೋಟೋ ಹೊಡ್ದಿದ್ದಾಯ್ತಾ? ತಗಂಬಾ ಇಲ್ಲಿ” ಅಂದಳು ಅಜ್ಜಿ. ಸೆರಗಿನಲ್ಲಿ ಒರೆಸಿ, ಕುದುರೆಗೊಂದು ಚಿಟಿಕೆ, ಸವಾರನಿಗೊಂದು ಚಿಟಿಕೆ ಭಂಡಾರ ಹಚ್ಚಿದಳು.